ಕಂಪನಿಯ ಮೀಡಿಯಂ

ಮೀಡಿಯಂ ಅಂತ ಕೂಗಿದರೆ ಆ ಕಾರ್ಖಾನೆಯಲ್ಲಿ ತಿರುಗಿ ನೋಡುತ್ತಿದ್ದವನು ಒಬ್ಬನೇ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರಿತ್ತು, ಇಲ್ಲ ಅಂತಲ್ಲ. ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೆಂಡತಿ 'ರೀ' ಅನ್ನುತ್ತಿದ್ದಳು, ಅಕ್ಕ 'ಲೋ' ಅನ್ನುತ್ತಿದ್ದಳು, ಮಿಕ್ಕವರಿಗೆಲ್ಲ ಅವನು ಮೀಡಿಯಂ. ಕ್ಯಾಂಟೀನಿನವನು ಕೂಡ "ಮೀಡಿಯಂಗೆ ಒಂದು ಟೀ" ಅಂತಲೇ ಒಳಗೆ ಕೂಗಿ ಹೇಳುತ್ತಿದ್ದ.

ಕೆಲಸ ಏನು ಅಂತೀರಾ? ಬಟ್ಟೆ ಹಾಕಿಕೊಳ್ಳುವುದು. ನಗಬೇಡಿ. ಓಟಗಾರರು, ಚೆಂಡಾಟದವರು, ಬೆಳಗ್ಗೆ ಎದ್ದು ಪಾರ್ಕಿನಲ್ಲಿ ಸುತ್ತು ಹೊಡೆಯುವ ಡೊಳ್ಳುಹೊಟ್ಟೆಯವರು, ಇಂಥವರೆಲ್ಲ ತೊಡುವ ಟೀ ಶರ್ಟು, ಚಡ್ಡಿ, ಟ್ರ್ಯಾಕ್ ಪ್ಯಾಂಟುಗಳನ್ನು ಮಾಡುವ ಕಂಪನಿ ಅದು. ಯಾವುದೇ ಹೊಸ ಬಟ್ಟೆ ಅಂಗಡಿಗೆ ಹೋಗುವ ಮೊದಲು ಇವನ ಮೈಮೇಲೆ ಏರಿ ಇಳಿಯಬೇಕಿತ್ತು. ಹಾಕಿಕೊಂಡು ಕೈ ಎತ್ತಬೇಕು, ಬಗ್ಗಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಅಂಗಳದ ನೀರಿನ ಟ್ಯಾಂಕಿನವರೆಗೆ ಓಡಿ ವಾಪಸು ಬರಬೇಕು. ಆಮೇಲೆ ಕಂಕುಳಲ್ಲಿ ಕಚ್ಚುತ್ತಿದೆಯೋ, ಬೆನ್ನಲ್ಲಿ ಮೇಲಕ್ಕೆ ಸರಿಯುತ್ತಿದೆಯೋ ಹೇಳಬೇಕು. ಅವನಿಗೆ ಸರಿಹೋದದ್ದು ಮೀಡಿಯಂ. ಅದಕ್ಕಿಂತ ಒಂದಿಷ್ಟು ಕಡಿಮೆ ಮಾಡಿದರೆ ಸ್ಮಾಲ್, ಒಂದಿಷ್ಟು ಜಾಸ್ತಿ ಮಾಡಿದರೆ ಲಾರ್ಜ್. ಒಟ್ಟಿನಲ್ಲಿ ಆ ಕಂಪನಿಯ ಸೈಜುಗಳಿಗೆಲ್ಲ ಇವನೇ ಅಪ್ಪ.

ಇದೆಲ್ಲ ಶುರುವಾದದ್ದು ಅಕ್ಕನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಅಕ್ಕನ ಗಂಡ, ಅಂದರೆ ಇವನ ಭಾವ, ಆಗ ಚೆಂಡು, ಸೀಟಿ, ಬಲೆ ಮಾರುವ ಒಂದು ಇಕ್ಕಟ್ಟಿನ ಅಂಗಡಿ ಇಟ್ಟುಕೊಂಡಿದ್ದರು. ಅಕ್ಕ ಮನೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಒಂದು ದಿನ ಹತ್ತಿರದ ಶಾಲೆಯ ಆಟದ ಮೇಷ್ಟ್ರು ಅಂಗಡಿಗೆ ಬಂದು, ತಮ್ಮ ತಂಡದ ಹುಡುಗರ ಜೆರ್ಸಿ ಗೋಣಿಚೀಲದ ಹಾಗಿದೆ, ಓಡಿದರೆ ಕಂಕುಳು ತರಚುತ್ತೆ, ಒಳ್ಳೇದು ಎಲ್ಲಾದರೂ ಸಿಗುತ್ತಾ ಅಂತ ಗೋಳಾಡಿದರು. ಭಾವ ಯೋಚನೆಯನ್ನೇ ಮಾಡದೆ "ನಮ್ಮನೇಲೇ ಮಾಡಿಸ್ಕೊಡ್ತೀನಿ ಬಿಡಿ" ಅಂದುಬಿಟ್ಟರು. ಅವರದು ಮೊದಲಿನಿಂದಲೂ ಹಾಗೇ. ಮಾತು ಕೊಡುವುದು ಅವರು, ಮೈ ಮುರಿಯುವುದು ಬೇರೆಯವರು.

ಅಕ್ಕ ಬಟ್ಟೆ ಕತ್ತರಿಸಿದಳು, ಹೊಲಿದಳು. ಹಾಕಿ ನೋಡುವುದಕ್ಕೆ ಒಂದು ಗಂಡು ಮೈ ಬೇಕಲ್ಲ? ಓದು ಬಿಟ್ಟು, ಕೆಲಸ ಹುಡುಕುತ್ತೇನೆ ಅಂತ ಹೇಳಿಕೊಂಡು ಅಕ್ಕನ ಮನೆಯ ಹಜಾರದಲ್ಲಿ ಕಾಲು ಚಾಚಿ ಮಲಗಿರುತ್ತಿದ್ದ ತಮ್ಮ ಕಣ್ಣಿಗೆ ಬಿದ್ದ.

"ಏಳೋ ಸೋಮಾರಿ, ಬಾ ಇಲ್ಲಿ. ಇದನ್ನ ಹಾಕ್ಕೊ."

ಹಾಕಿಕೊಂಡ. ಭಾವ "ಕೈ ಎತ್ತು" ಅಂದರು. ಎತ್ತಿದ. ಜೆರ್ಸಿ ಹೊಕ್ಕುಳು ದಾಟಿ ಮೇಲಕ್ಕೆ ಹೋಯಿತು. ಭಾವ ಮುಖ ಹುಳ್ಳಗೆ ಮಾಡಿಕೊಂಡು, "ಇವನ ಮೈಯೇ ಸರಿಯಿಲ್ಲ ಕಣೇ, ಕೈ ಉದ್ದ, ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ತೀನಿ" ಅಂದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅಕ್ಕ ಅವನ್ನು ಒಂದೊಂದಾಗಿ ತೆಗೆದು, "ಮೈ ಯಾಕ್ರೀ ತಪ್ಪು ಮಾಡುತ್ತೆ? ತಪ್ಪು ಮಾಡಿರೋದು ಬಟ್ಟೆ" ಅಂದಳು. ಕಂಕುಳ ಹತ್ತಿರ ಒಂದು ಸಣ್ಣ ತುಂಡು ಸೇರಿಸಿ ಮತ್ತೆ ಹೊಲಿದಳು. ಈ ಸಲ ಕೈ ಎತ್ತಿದರೆ ಜೆರ್ಸಿ ಅಲ್ಲಾಡಲಿಲ್ಲ. ಆ ಹುಡುಗರು ಆ ವರ್ಷ ಗೆದ್ದರೋ ಸೋತರೋ ಯಾರಿಗೂ ನೆನಪಿಲ್ಲ. ಜೆರ್ಸಿ ಮಾತ್ರ ಊರಿನ ಶಾಲೆಗಳಿಗೆಲ್ಲ ಬೇಕಾಯಿತು. ತಮ್ಮ ಹಾಕಿಕೊಂಡು ಅಂಗಳದಲ್ಲಿ ಓಡಿ ಮಣ್ಣು ಮಾಡಿದ್ದ ಆ ಮೊದಲನೆಯದನ್ನು ಭಾವ ನೆನಪಿಗೆ ಅಂತ ಎತ್ತಿಟ್ಟುಕೊಂಡರು.

ತಗಡಿನ ಶೆಡ್ಡು ಹೋಗಿ ಬಾಡಿಗೆಯ ಗೋದಾಮು ಬಂತು, ಗೋದಾಮು ಹೋಗಿ ಮೂರು ಅಂತಸ್ತಿನ ಕಟ್ಟಡ ಎದ್ದಿತು. ಬೆವರು ಹೀರುವ ಬಟ್ಟೆ ತರಿಸಿ ಭಾವ ದೊಡ್ಡವರಿಗೆ ಅಂತ 'ದಾಪು' ಎಂಬ ಬ್ರ್ಯಾಂಡ್ ಹೊರಡಿಸಿದರು. ಅದು ಕಾಲೂರಿದ ಮೇಲೆ ಮಕ್ಕಳಿಗೆ 'ಚಿನ್ನಾಟ' ಬಂತು. ಅಕ್ಕ ಆಡಿದ ಮಾತನ್ನು ಭಾವ ದೊಡ್ಡಕ್ಷರದಲ್ಲಿ ಗೋಡೆಗೆ ಬರೆಸಿದರು, 'ತಪ್ಪು ಬಟ್ಟೆಯದು, ಮೈಯದಲ್ಲ' ಅಂತ. ಕೆಳಗೆ ತಮ್ಮ ಸಹಿ ಬೇರೆ! ಅಕ್ಕ ಅದನ್ನು ನೋಡಿ ಮೂಗು ಮುರಿದು ತನ್ನ ಕೆಲಸಕ್ಕೆ ಹೋದಳು. ಅವಳಿಗೆ ಎರಡನೇ ಮಹಡಿಯ ಕಟಿಂಗ್ ಟೇಬಲ್ಲು ಸಾಕಿತ್ತು. ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸುವ ರಟ್ಟಿನ ಪ್ಯಾಟರ್ನುಗಳೆಲ್ಲ ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ ಕೊಕ್ಕೆಯಲ್ಲಿ ನೇತಾಡುತ್ತಿದ್ದವು. ಅವನ್ನು ಅವಳ ಅಪ್ಪಣೆಯಿಲ್ಲದೆ ಭಾವನೂ ಮುಟ್ಟುವಂತಿರಲಿಲ್ಲ.

ಕಾರ್ಖಾನೆಯಲ್ಲಿ ಟೇಪು ಹಿಡಿಯದ ವಸ್ತುವೇ ಇರಲಿಲ್ಲ. ಬಟ್ಟೆಯ ಥಾನು, ಇಲಾಸ್ಟಿಕ್ಕು, ಜಿಪ್ಪು, ಎಲ್ಲಕ್ಕೂ ಅಳತೆ. ಮೀಡಿಯಂನ ಮೈಗೆ ಮಾತ್ರ ಯಾರೂ ಟೇಪು ಹಿಡಿಯುತ್ತಿರಲಿಲ್ಲ. ಹಿಡಿಯಬೇಕು ಅಂತ ಯಾರಿಗೂ ಹೊಳೆದಿರಲೂ ಇಲ್ಲ. ಅಳತೆಯ ಕೋಲನ್ನೇ ಯಾರಾದರೂ ಅಳೆಯುತ್ತಾರೆಯೇ? ವರ್ಷಕ್ಕೊಮ್ಮೆ ಹೊಸ ಮಾಲಿನ ದೊಡ್ಡ ಫಿಟಿಂಗ್ ನಡೆಯುತ್ತಿತ್ತು. ಬಟ್ಟೆ ಅವನಿಗೆ ಎಲ್ಲಾದರೂ ಹಿಡಿದರೆ, ಗೋಡೆಯ ಮೇಲೆ ಬರೆದ ಹಾಗೆ, ತಪ್ಪು ಬಟ್ಟೆಯದು. ಅಕ್ಕ ಪ್ಯಾಟರ್ನ್ ಇಳಿಸಿ ಅಷ್ಟು ಸಡಿಲ ಮಾಡುತ್ತಿದ್ದಳು. ಮುಗಿಯಿತು.

ಇವನ ಜಂಭ ಮಾತ್ರ ನೋಡುವ ಹಾಗಿತ್ತು. ರಜೆಯ ದಿನ ಹೆಂಡತಿಯ ಜೊತೆ ಸಾಮಾನು ತರಲು ಹೋದಾಗ ದಾಪು ಶರ್ಟು ಹಾಕಿಕೊಂಡು ಯಾರಾದರೂ ಓಡುತ್ತಾ ಎದುರಾದರೆ ಮುಗಿಯಿತು, ನಡುರಸ್ತೆಯಲ್ಲೇ ನಿಂತುಬಿಡುವನು.

"ನೋಡೇ, ನನ್ನ ಭುಜ ಹೋಗ್ತಾ ಇದೆ."

"ನಿಮ್ಮ ಭುಜ ಇಲ್ಲೇ ಇದೆ. ಈ ಚೀಲ ಅದಕ್ಕೆ ಹಾಕ್ಕೊಳ್ಳಿ," ಅನ್ನುತ್ತಿದ್ದಳು ಹೆಂಡತಿ. ಅವಳೂ ಅದೇ ಕಂಪನಿಯಲ್ಲಿ ಅಂಚು ಕೂಡಿಸಿ ಹೊಲಿಯುವ ಓವರ್‌ಲಾಕ್ ಮೆಷಿನ್ನಿನ ಮೇಲೆ ಕೂರುವವಳು. ದಿನವಿಡೀ ಗಂಡನ ಭುಜವನ್ನೇ ಹೊಲಿದು ಸಾಕಾಗಿತ್ತು ಅವಳಿಗೆ.

ಕ್ಯಾಂಟೀನಿನಲ್ಲಿ ಅವನ ಓರಗೆಯವರ ಹೊಟ್ಟೆ ಮುಂದೆ ಬಂದಿರುವುದನ್ನು ಕಂಡರೆ ಬಿಡುತ್ತಿರಲಿಲ್ಲ. "ಏನಯ್ಯಾ, ಟೇಬಲ್ ದೂರ ಸರಿಸ್ಕೊಂಡು ಕೂರೋ ಹಾಗಾಯ್ತಲ್ಲ ನಿನ್ನ ಕಥೆ! ನನ್ನ ನೋಡು. ಅವತ್ತೂ ಮೀಡಿಯಂ, ಇವತ್ತೂ ಮೀಡಿಯಂ," ಅಂತ ಎದೆ ತಟ್ಟಿಕೊಳ್ಳುತ್ತಿದ್ದ. ಕನ್ನಡಿ ನೋಡುತ್ತಿರಲಿಲ್ಲವೇ ಅಂತ ಕೇಳಬೇಡಿ. ಕನ್ನಡಿಯಲ್ಲಿ ಕೆನ್ನೆ ಉಬ್ಬಿದ್ದು ಅವನಿಗೂ ಕಾಣುತ್ತಿತ್ತು. 'ಸ್ವಲ್ಪ ತುಂಬ್ಕೊಂಡಿದೀನಿ, ಅಳತೆ ಅದೇ' ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಮದುವೆಯಲ್ಲಿ ಬಿಟ್ಟರೆ ಸೊಂಟಕ್ಕೆ ಬೆಲ್ಟು ಕಟ್ಟಿದವನಲ್ಲ. ಮನೆಯಲ್ಲೂ ಬೀದಿಯಲ್ಲೂ ಕಂಪನಿಯ ಬಟ್ಟೆಯೇ, ಎಲ್ಲದಕ್ಕೂ ಇಲಾಸ್ಟಿಕ್ಕೇ, ಎಲ್ಲದರ ಕತ್ತಿನ ಹಿಂದೆಯೂ ಮೀಡಿಯಂ ಅಂತಲೇ ಲೇಬಲ್. ಮತ್ತೆ ಅನುಮಾನ ಎಲ್ಲಿಂದ ಬರಬೇಕು?

ಆದರೂ ಒಳಗೊಳಗೇ ಒಂದು ಅಳುಕು ಇತ್ತು. ಬಟ್ಟೆ ಕತ್ತರಿಸಲು ಅವನಿಗೆ ಬರುತ್ತಿರಲಿಲ್ಲ. ಮೆಷಿನ್ನಿನ ಮುಂದೆ ಕೂರಿಸಿದರೆ ಹೊಲಿಗೆ ಹಾವಿನ ಹಾಗೆ ಹೋಗುತ್ತಿತ್ತು. ಆಫೀಸಿನಲ್ಲಿ ಕೂರಿಸಿದರೆ ತೂಕಡಿಸುತ್ತಿದ್ದ. ಅವನಲ್ಲಿ ಇದ್ದದ್ದು ಮೈ ಒಂದೇ. ಆ ಮೈ ಕೈಕೊಟ್ಟರೆ ತಾನು ಯಾರು, ಈ ಕಟ್ಟಡದಲ್ಲಿ ತನ್ನ ಜಾಗ ಯಾವುದು ಅಂತ ಯೋಚನೆ ಬಂದರೆ ಬಾಯಲ್ಲಿದ್ದ ತುತ್ತು ಒಳಗೆ ಇಳಿಯುತ್ತಿರಲಿಲ್ಲ. ಫಿಟಿಂಗ್ ಹತ್ತಿರ ಬಂದಾಗ ಸಿಹಿ ಬಿಡುತ್ತಿದ್ದ, ರಾತ್ರಿಯೂಟ ಅರ್ಧ ಮಾಡುತ್ತಿದ್ದ. ಬಟ್ಟೆ ಹಾಕಿಕೊಂಡು ಅದು ಕೂತಿತು ಅಂದರೆ ಮಾತ್ರ ಹೋದ ಜೀವ ಬಂದಂತಾಗುತ್ತಿತ್ತು. ಪ್ರತಿ ವರ್ಷವೂ ಕೂರುತ್ತಿತ್ತು.

ಮಜಾ ಏನು ಗೊತ್ತಾ? ದಾಪು ಮಾತ್ರ ವರ್ಷದಿಂದ ವರ್ಷಕ್ಕೆ ಚೆನ್ನಾಗಿ ಓಡಿತು. ಅದರಲ್ಲೂ ನಡುವಯಸ್ಸಿನ ಗಂಡಸರು ಬೇರೆ ಬ್ರ್ಯಾಂಡ್ ಮುಟ್ಟುತ್ತಲೇ ಇರಲಿಲ್ಲ. "ಬೇರೆ ಕಂಪನೀದು ಲಾರ್ಜ್ ಹಾಕಿದ್ರೂ ಉಸಿರು ಕಟ್ಟುತ್ತೆ. ದಾಪು ಆದ್ರೆ ಮೀಡಿಯಮ್ಮೇ ಸಾಕು," ಅಂತ ಅಂಗಡಿಗಳಲ್ಲಿ ಹೇಳಿಕೊಂಡು ಹಿಗ್ಗುತ್ತಿದ್ದರಂತೆ. ಭಾವ ಅದನ್ನು ಕೇಳಿ, ನಮ್ಮ ಬಟ್ಟೆಯ ಗುಣ ಅಂಥದ್ದು ಅಂತ ಮೀಸೆ ತಿರುವಿದರು.

ಎಡವಟ್ಟಾದದ್ದು ಮೂರನೇ ಬ್ರ್ಯಾಂಡಿನಲ್ಲಿ. ಮೈಗೆ ಅಂಟಿಕೊಂಡು ಕೂರುವ ಬಟ್ಟೆ ಈಗ ಎಲ್ಲರಿಗೂ ಬೇಕು ಅಂತ ಭಾವ 'ಬಿಗಿ' ಅನ್ನುವುದನ್ನು ಹೊರಡಿಸಲು ಹೊರಟರು. ಅದಕ್ಕೆ ಅಂತಲೇ ಒಬ್ಬ ಹೊಸ ಡಿಸೈನರಮ್ಮ ಬಂದಳು. ಹಿಂದೆ ಈಜುಗಾರ್ತಿಯಾಗಿದ್ದವಳು, ಕೂದಲಿನ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವವಳು. ಗರ್ವ ಗಿರ್ವ ಏನೂ ಇಲ್ಲ, ಮೀಡಿಯಂನನ್ನು 'ಅಣ್ಣ' ಅನ್ನುತ್ತಿದ್ದಳು. ಬಿಗಿಯ ಮೊದಲ ಮಾಲನ್ನು ಯಥಾಪ್ರಕಾರ ಮೀಡಿಯಂನ ಮೇಲೆ ನೋಡಿ, ಅಕ್ಕ ಪ್ಯಾಟರ್ನ್ ತಿದ್ದಿ, ಹೊಲಿಸಿ, ಒಂದು ಓಟದ ಕ್ಲಬ್ಬಿಗೆ ಹಾಕಿ ನೋಡಲು ಕಳಿಸಿದರು. ಊರೂರಲ್ಲಿ ಮಳಿಗೆ ಇರುವ ದೊಡ್ಡ ಅಂಗಡಿಯವರು ಬಿಗಿಯನ್ನು ನೋಡಲು ಮುಂದಿನ ವಾರ ಬರುವವರಿದ್ದರು. ಅವರು ಒಪ್ಪಿದರೆ ಬಿಗಿ ಬದುಕಿತು, ಇಲ್ಲದಿದ್ದರೆ ಅಷ್ಟೇ ಅದರ ಋಣ.

ಕ್ಲಬ್ಬಿನವರು ಮಾಲನ್ನು ಹಾಗೇ ಗಂಟು ಕಟ್ಟಿ ವಾಪಸು ಕಳಿಸಿದರು. ಅಂಟಿಕೊಳ್ಳುವುದು ಹಾಗಿರಲಿ, ಹುಡುಗರ ಮೈಮೇಲೆ ಪರದೆಯ ಹಾಗೆ ಜೋತಾಡುತ್ತಿತ್ತಂತೆ. ಮೀಡಿಯಂನವರು ಸ್ಮಾಲ್ ಹಾಕಿಕೊಂಡರೂ ಸಡಿಲ, ಸ್ಮಾಲ್‌ನವರಿಗೆ ಏನೂ ಇಲ್ಲ. ಭಾವ ಕೆಂಡಾಮಂಡಲವಾದರು. ಮೊದಲು ಬಟ್ಟೆ ಕಳಿಸಿದ ಮಿಲ್ಲಿನವನನ್ನು ಬೈದರು, ಆಮೇಲೆ ಹೊಲಿದವರನ್ನು, ಆಮೇಲೆ ಡಿಸೈನರಮ್ಮನನ್ನು. ಬೈಗುಳವೆಲ್ಲ ಮುಗಿದ ಮೇಲೆ ಅವಳು, "ಸರ್, ನಿಮ್ಮ ಕ್ಯಾಬಿನ್ನಲ್ಲಿ ಗಾಜಿನೊಳಗೆ ಮೊದಲನೇ ಜೆರ್ಸಿ ಇದೆಯಲ್ಲ, ಅದನ್ನ ಒಂದು ಸಲ ಬಿಚ್ಚಬಹುದಾ?" ಅಂದಳು.

"ಅದ್ಯಾಕಮ್ಮ? ಅದನ್ನ ಯಾರೂ ಮುಟ್ಟಬಾರದು."

"ಒಂದೇ ಒಂದು ಸಲ ಸರ್."

ಬಿಚ್ಚಿದರು. ಕಟಿಂಗ್ ಟೇಬಲ್ಲಿನ ಮೇಲೆ ಆ ಮೊದಲ ಜೆರ್ಸಿಯನ್ನು ಹಾಸಿ, ಅದರ ಮೇಲೆ ಈ ವರ್ಷದ ದಾಪು ಮೀಡಿಯಂ ಒಂದನ್ನು ಇಟ್ಟಳು. ಜೆರ್ಸಿ ಮಾಯವಾಯಿತು! ಒಂದು ಅಂಚು ಕೂಡ ಕಾಣಲಿಲ್ಲ. ಮೇಲಿನ ಶರ್ಟು ಸುತ್ತಲೂ ಅಂಗೈ ಅಗಲ ಆಚೆಗೆ ಚಾಚಿಕೊಂಡಿತ್ತು. ಅಕ್ಕನ ಕೈಕೆಳಗಿನ ಕೆಲಸಗಾರರು, ಓವರ್‌ಲಾಕಿನ ಹೆಂಗಸರು ಎಲ್ಲ ಬಂದು ಸುತ್ತುವರಿದಿದ್ದರು.

"ತೊಳೆದೂ ತೊಳೆದೂ ಕುಗ್ಗಿರಬೇಕು," ಅಂದರು ಭಾವ.

"ಇದನ್ನ ತೊಳೆದೇ ಇಲ್ಲ ಸರ್. ಮಣ್ಣಿನ ಕಲೆ ಹಾಗೇ ಇದೆ."

ಭಾವ ಜೆರ್ಸಿಯನ್ನು ನೋಡಿದರು, ಶರ್ಟನ್ನು ನೋಡಿದರು. ಆಮೇಲೆ ನಿಧಾನವಾಗಿ ಮೀಡಿಯಂನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಅವನು ಅದೇ ದಾಪು ಮೀಡಿಯಂ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಅದು ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಭಾವನಿಗೆ ಬೈಯಲು ಯಾರಾದರೂ ಬೇಕಿತ್ತು. ಅಕ್ಕನ ಕಡೆ ಹೊರಳಿದರು. "ಪ್ಯಾಟರ್ನ್ ಇರೋದು ನಿನ್ನ ಕೈಯಲ್ಲಿ. ಇಷ್ಟು ದೊಡ್ಡದಾಗೋವರೆಗೂ ನಿನ್ನ ಕಣ್ಣಿಗೆ ಕಾಣಿಸಲಿಲ್ವಾ? ಎರಡು ಬ್ರ್ಯಾಂಡ್ ಕಟ್ಟಿ ನಿಲ್ಲಿಸಿದೀನಿ, ಮೂರನೇದನ್ನ ಶುರುವಲ್ಲೇ ಹಳ್ಳ ಹಿಡಿಸಿಬಿಟ್ಟೆಯಲ್ಲ! ಕಣ್ಣು ಮಂಜಾಗಿದ್ರೆ ಮನೇಲಿ ಕೂತ್ಕೋ. ಕತ್ತರಿ ಬೇರೆಯವರಿಗೆ ಕೊಡು."

ಇಷ್ಟು ಜನರ ಎದುರಿಗೆ ಅವರು ಹೆಂಡತಿಗೆ ಹಾಗೆ ಅಂದದ್ದು ಅದೇ ಮೊದಲು. ಒಂದು ಮಾತಿಗೆ ನಾಲ್ಕು ಮಾತು ಆಡುವ ಅಕ್ಕ ಅವತ್ತು ತಲೆ ತಗ್ಗಿಸಿ ಟೇಬಲ್ಲಿನ ಮೇಲಿನ ಚಾಕ್‌ಪೀಸುಗಳನ್ನು ಒಂದೆಡೆ ಗುಡ್ಡೆ ಮಾಡುತ್ತಾ ನಿಂತಳು.

ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಮೀಡಿಯಂನ ಮನಸ್ಸಿಗೆ ಮೊದಲು ಬಂದದ್ದು 'ಸದ್ಯ, ಬಚಾವಾದೆ' ಅಂತ. ತಪ್ಪು ಅಕ್ಕನ ಕಣ್ಣಿನದು ಅಂತಾದರೆ ತನ್ನ ಮೈ ಪಾರು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಮರುಕ್ಷಣವೇ ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಚಿಕ್ಕಂದಿನಿಂದ ಸಾಕಿದವಳು, ಹಜಾರದಲ್ಲಿ ಬಿದ್ದುಕೊಂಡಿದ್ದವನನ್ನು ಎಬ್ಬಿಸಿ ಮನುಷ್ಯನನ್ನಾಗಿ ಮಾಡಿದವಳು. ಅವಳ ತಲೆ ತಗ್ಗಿರುವಾಗ ತಾನು ಕಂಬಕ್ಕೆ ಒರಗಿ ನಿಂತಿದ್ದೇನೆ.

ಏನು ಮಾಡುತ್ತಿದ್ದೇನೆ ಅಂತ ಯೋಚಿಸದೆ ಮುಂದೆ ಬಂದ, ಮೈಮೇಲಿನ ಶರ್ಟು ಕಿತ್ತೆಸೆದ, ಟೇಬಲ್ಲಿನ ಮೇಲಿದ್ದ ಮೊದಲ ಜೆರ್ಸಿ ತೆಗೆದು ತಲೆಗೆ ಹಾಕಿಕೊಂಡ. ತಲೆ ಒಳಗೆ ಹೋಯಿತು. ಕೈ ಅರ್ಧ ಹೋದವು. ಅಲ್ಲಿಗೆ ಸಿಕ್ಕಿಕೊಂಡಿತು ನೋಡಿ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಎರಡೂ ಕೈ ಮೇಲೆತ್ತಿ, ಮುಖ ಬಟ್ಟೆಯೊಳಗೆ ಹೂತು, ಬೆತ್ತಲೆ ಹೊಟ್ಟೆ ಎಲ್ಲರಿಗೂ ಕಾಣುವ ಹಾಗೆ ನಡುಮನೆಯ ಕಂಬದಂತೆ ನಿಂತುಬಿಟ್ಟ. ಎಲ್ಲೋ ಪರ್ರ್ ಅಂತ ಹೊಲಿಗೆ ಬಿಟ್ಟ ಸದ್ದಾಯಿತು.

"ಅಯ್ಯಯ್ಯೋ, ನನ್ನ ಜೆರ್ಸಿ!" ಅಂತ ಭಾವ ಬೊಬ್ಬೆ ಹಾಕಿದರು.

"ನೋಡ್ಕೊಳ್ಳಿ ಎಲ್ಲಾರೂ," ಅಂದ ಅವನು ಬಟ್ಟೆಯ ಒಳಗಿನಿಂದಲೇ. "ಅಕ್ಕನ ಕಣ್ಣು ಸರಿಯಾಗೇ ಇದೆ. ದಪ್ಪ ಆಗಿರೋದು ನಾನು. ತಪ್ಪು ಬಟ್ಟೇದಲ್ಲ, ಮೈದು. ಈಗ ಯಾರಾದ್ರೂ ಇದನ್ನ ತೆಗೀರಪ್ಪ, ಉಸಿರಾಡಕ್ಕಾಗ್ತಿಲ್ಲ."

ಯಾರೂ ನಗಲಿಲ್ಲ. ಹೆಂಡತಿ ಒಂದು ಕಡೆ, ಅಕ್ಕ ಒಂದು ಕಡೆ ಹಿಡಿದು ಎಳೆದು ಬಿಡಿಸಿದರು. ಹೊರಗೆ ಬಂದ ಅವನ ಮುಖ ಕೆಂಪಾಗಿತ್ತು, ಕೂದಲು ನಿಮಿರಿ ನಿಂತಿತ್ತು. ಡಿಸೈನರಮ್ಮ ಹತ್ತಿರ ಬಂದು, "ಅಣ್ಣ, ಒಂದು ಸಲ ಅಳೀಲಾ?" ಅಂತ ಮೆಲ್ಲಗೆ ಕೇಳಿದಳು. ಅವನು ಕೈ ಅಗಲಿಸಿ ನಿಂತ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಎದೆಯ ಸುತ್ತ ಟೇಪು ಸುತ್ತಿಕೊಂಡಿತು. ಅವಳು ನೋಡಿದಳು. "ಲಾರ್ಜ್," ಅಂದಳು. ಆಮೇಲೆ, "ದೊಡ್ಡ ಲಾರ್ಜ್," ಅಂತ ಸೇರಿಸಿದಳು. ಸುಳ್ಳು ಹೇಳಲು ಬಾರದ ಹುಡುಗಿ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್ ತೆಳ್ಳಗೆ ಹದವಾಗಿದ್ದ, ಅವನ ಮೇಲೆ ಬಿಗಿಯನ್ನು ಹೊಸದಾಗಿ ನೋಡುವುದು ಅಂತಾಯಿತು. ದಾಪುವನ್ನು ಕುಗ್ಗಿಸಿದರೆ ಹಳೆಯ ಗಿರಾಕಿಗಳು ದಂಗೆ ಏಳುತ್ತಾರೆ, ಬಟ್ಟೆ ಹಾಗೇ ಇರಲಿ, ಲೇಬಲ್ ಮಾತ್ರ ಬದಲಿಸೋಣ ಅಂತ ಡಿಸೈನರಮ್ಮ ಹೇಳಿದ್ದಕ್ಕೆ ಭಾವ ಒಪ್ಪಿದರು. ಮೀಡಿಯಂನನ್ನು ಕ್ಯಾಬಿನ್ನಿಗೆ ಕರೆಸಿದರು. ಗೋಡೆಯ ಮೇಲೆ ಜೆರ್ಸಿ ಇದ್ದ ಜಾಗ ಬೋಳಾಗಿತ್ತು.

"ನೋಡು, ನೀನು ದುಡಿದಿದೀಯ. ನಿನ್ನ ಕೈಬಿಡಲ್ಲ," ಅಂದರು ಭಾವ. ಮಾತು ಮೆತ್ತಗಿತ್ತು, ಅವರಿಗೂ ಕಷ್ಟವಾಗುತ್ತಿತ್ತು ಪಾಪ. "ಗೇಟಿನ ಹತ್ರ ನೆರಳಲ್ಲಿ ಒಂದು ಕುರ್ಚಿ ಹಾಕಿಸ್ತೀನಿ. ಬಂದೋರನ್ನ, ಹೋದೋರನ್ನ ನೋಡ್ಕೊಂಡು ಆರಾಮಾಗಿರು."

ಗೇಟು! ಕೈಲಾಗದವರನ್ನೆಲ್ಲ ಅವರು ಕಳಿಸುತ್ತಿದ್ದದ್ದು ಅಲ್ಲಿಗೇ. ಕಣ್ಣು ಹೋದ ಹಳೆಯ ಕಟಿಂಗಿನವನೊಬ್ಬ ಹಿಂದೆ ಅಲ್ಲಿ ಕೂತೂ ಕೂತೂ ಹೇಗಾಗಿದ್ದ ಅಂದರೆ, ಒಳಗೆ ಹೋಗುವವರು ಅವನಿಗೆ ನಮಸ್ಕಾರ ಹೇಳುವುದನ್ನೂ ಮರೆತಿದ್ದರು. ಆದರೂ ಮೀಡಿಯಂ ಕೇಳಬೇಕಾದದ್ದನ್ನು ಕೇಳಿದ.

"ಗೇಟಲ್ಲೇ ಕೂರ್ತೀನಿ ಭಾವ. ನನ್ನದೊಂದು ಮಾತು ನಡೆಸ್ಕೊಡಿ. ಅಕ್ಕನ ಕೈಯಿಂದ ಕತ್ತರಿ ಕಿತ್ಕೋಬೇಡಿ. ಪ್ರತಿ ಸಲ ಬಟ್ಟೆ ಬಿಗಿ ಅಂತ ಹೇಳಿದೋನು ನಾನು. ಅವಳು ನನ್ನ ನಂಬಿ ಸಡಿಲ ಮಾಡಿದಾಳೆ, ಅಷ್ಟೇ. ಅವಳಿಗೇನು ಗೊತ್ತು?"

ಭಾವ ಕಿಟಕಿಯ ಕಡೆ ಮುಖ ತಿರುಗಿಸಿ, "ಕೋಪದಲ್ಲಿ ಏನೋ ಅಂದುಬಿಟ್ಟೆ ಕಣೋ. ಅವಳಿಲ್ದೆ ಈ ಕಂಪನಿ ಎಲ್ಲಿದೆ?" ಅಂದರು.

ಆ ಸಮಾಧಾನದಲ್ಲಿ ಅವನು ಎರಡನೇ ಮಹಡಿಗೆ ಬಂದ. ಊಟದ ಬಿಡುವು, ಮೆಷಿನ್ನುಗಳು ನಿಂತಿದ್ದವು. ಅಕ್ಕ ಒಬ್ಬಳೇ ಟೇಬಲ್ಲಿನ ಹತ್ತಿರ ಕೂತು ಹರಿದ ಜೆರ್ಸಿಯ ಹೊಲಿಗೆ ಕೂಡಿಸುತ್ತಿದ್ದಳು.

"ಏನೂ ಯೋಚನೆ ಮಾಡ್ಬೇಡಕ್ಕ. ಭಾವಂಗೆ ಹೇಳಿ ಬಂದಿದೀನಿ. ನಿಂಗೇನೂ ಗೊತ್ತಿರಲಿಲ್ಲ ಅಂತ."

ಅಕ್ಕ ಸೂಜಿ ನಿಲ್ಲಿಸಲಿಲ್ಲ. "ಗೊತ್ತಿತ್ತು," ಅಂದಳು.

"ಏನು?"

"ಗೊತ್ತಿತ್ತು ಕಣೋ. ಶುರುವಿಂದ ಗೊತ್ತಿತ್ತು. ದಿನಾ ಬಟ್ಟೆ ಕತ್ತರಿಸೋಳಿಗೆ ಗೊತ್ತಾಗದೆ ಇರುತ್ತಾ?"

ಅವನು ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತ.

"ಅಮ್ಮ ತೀರಿಕೊಂಡ ವರ್ಷ," ಅಂದಳು ಅಕ್ಕ. "ನೀನು ಫಿಟಿಂಗಿಗೆ ಬಂದು ನಿಂತಿದ್ದೆ. ಶರ್ಟು ಹೊಟ್ಟೆ ಹತ್ರ ಹಿಡೀತಿತ್ತು. ನೀನು ಉಸಿರು ಒಳಗೆ ಎಳ್ಕೊಂಡು ನಿಂತ್ಕೊಂಡಿದ್ದೆ. ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ನೀರು ಬರೋ ಹಾಗಿತ್ತು. ಯಾರಾದ್ರೂ ನೋಡ್ಬಿಡ್ತಾರೇನೋ ಅಂತ ಭಯ ನಿಂಗೆ. ನಾನು ನಿಮ್ಮ ಭಾವಂಗೆ, ಬಟ್ಟೆ ತಪ್ಪಾಗಿದೆ, ಸರಿ ಮಾಡ್ತೀನಿ ಅಂದೆ. ಆಮೇಲೆ ಪ್ರತಿ ವರ್ಷವೂ ಅಂದೆ."

ಅವನಿಗೆ ಮೊದಲು ಬಂದದ್ದು ಸಿಟ್ಟು. ಕ್ಯಾಂಟೀನಿನಲ್ಲಿ ಎದೆ ತಟ್ಟಿಕೊಂಡದ್ದೆಲ್ಲ ಕಣ್ಣ ಮುಂದೆ ಬಂದು ಮೈಯೆಲ್ಲ ಉರಿಯಿತು. "ನನ್ನ ಕೋಡಂಗಿ ಮಾಡ್ಬಿಟ್ಯಲ್ಲಕ್ಕ! ಅಷ್ಟು ಜನರ ಮುಂದೆ! ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿಮ್ಮ ಭಾವ ನಿನ್ನ ಗೇಟಲ್ಲಿ ಕೂರಿಸ್ತಿದ್ರು. ನೀನು ಗೇಟಲ್ಲಿ ಕೂತಿರ್ತೀಯ, ನಾನು ದಿನಾ ನಿನ್ನ ದಾಟ್ಕೊಂಡು ಒಳಗೆ ಬಂದು ಇಲ್ಲಿ ರಾಣಿ ಹಾಗೆ ನಿಂತ್ಕೋಬೇಕಿತ್ತಾ? ನನ್ನ ಕೈಲಿ ಆಗ್ತಿತ್ತೇನೋ ಅದು?"

"ಅದಕ್ಕೆ ಊರೋರ ಅಂಗಿಯನ್ನೆಲ್ಲ ದೊಡ್ಡದು ಮಾಡಿದ್ಯಾ? ಅಷ್ಟು ಜನಕ್ಕೆ ಬೇರೆ ಅಳತೆ ಕೊಟ್ಟೆಯಲ್ಲ ಅಕ್ಕ!"

ಅಕ್ಕ ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು. "ಊರೋರೇನು ನನ್ನ ತಮ್ಮಂದಿರಾ?" ಅಂದಳು.

ಅವನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಸ್ಟೂಲಿನ ಮೇಲೆ ಕೂತಲ್ಲೇ ಅತ್ತುಬಿಟ್ಟ, ಅಷ್ಟು ದೊಡ್ಡ ಗಂಡಸು, ಭುಜ ಕುಲುಕುತ್ತಾ. ಅಕ್ಕ ಎದ್ದು ಬರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳೂ ಅಳುತ್ತಿದ್ದಳು.

ಸೋಮವಾರ ಅವನು ಎಲ್ಲರಿಗಿಂತ ಮುಂಚೆ ಬಂದು ಗೇಟಿನ ಕುರ್ಚಿಯಲ್ಲಿ ಕೂತ. ಲಾರ್ಜ್ ಅಂತ ಲೇಬಲ್ ಬದಲಿಸಿದ ದಾಪು ಶರ್ಟನ್ನು ಹಾಕಿಕೊಂಡಿದ್ದ. ಒಳಗೆ ಹೋಗುವವರು ನಿಂತು, ಏನು ಹೇಳಬೇಕೋ ತೋಚದೆ ಹಲ್ಲು ಕಿರಿದು ಮುಂದೆ ಹೋದರು. ಹೆಂಡತಿ ಮಾತ್ರ, "ಬಿಸಿಲು ಈ ಕಡೆ ತಿರುಗುತ್ತೆ, ಕುರ್ಚಿ ಆ ಕಡೆ ಹಾಕ್ಕೊಳ್ರೀ," ಅಂತ ಹೇಳಿ ತನ್ನ ಕೆಲಸಕ್ಕೆ ಹೋದಳು. ಭಾವನ ಕಾರು ಬಂತು. ಅದರಲ್ಲಿ ಅಕ್ಕ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬೀದಿಯ ತಿರುವಿನಲ್ಲಿ ಅಕ್ಕ ನಡೆದುಕೊಂಡು ಬರುವುದು ಕಾಣಿಸಿತು. ಗೇಟಿನವರೆಗೆ ಬಂದಳು, ನಿಂತಳು. ತಮ್ಮನ ಮುಖ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಗೇಟಿನ ಆಚೆಗೇ ನಿಂತಳು. ಮೇಲಿನ ಕಿಟಕಿಯಲ್ಲಿ ಡಿಸೈನರಮ್ಮ ಕಾಯುತ್ತಿದ್ದಳು. ಹೊಸ ಮೀಡಿಯಂ, ಆ ವ್ಯಾನಿನ ಡ್ರೈವರ್, ಅಂಗಿ ಬಿಚ್ಚಿ ರೆಡಿಯಾಗಿ ನಿಂತಿದ್ದಿರಬೇಕು. ಅಕ್ಕನ ಕಾಲು ಮಾತ್ರ ಏಳಲಿಲ್ಲ.

"ಹೊತ್ತಾಯ್ತು, ಒಳಗೆ ಹೋಗಕ್ಕ," ಅಂದ ಅವನು.

"ಹೋಗ್ತೀನಿ," ಅಂದಳು. ಹೋಗಲಿಲ್ಲ.

ಅವನು ಕುರ್ಚಿಯಿಂದ ಎದ್ದ. ಗೇಟಿನಾಚೆ ಬಂದು ಅವಳ ಕೈ ಹಿಡಿದ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಕೈ. ಇಬ್ಬರೂ ಅಂಗಳ ದಾಟಿದರು, ಮೆಟ್ಟಿಲು ಹತ್ತಿದರು. ಮೆಷಿನ್ನಿನ ಮುಂದೆ ಕೂತಿದ್ದವರೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಕಟಿಂಗ್ ಟೇಬಲ್ಲಿನ ಹತ್ತಿರ ಬಂದಾಗ ಅವನು ಕತ್ತರಿ ಎತ್ತಿ ಅವಳ ಕೈಗೆ ಕೊಟ್ಟ.

"ನಾಳೆ ನಾನೇ ಬರ್ತೀನಿ, ಬಿಡು," ಅಂದಳು ಅಕ್ಕ.

"ನಾಳೆ ಮಾತು ನಾಳೆಗೆ," ಅಂದ ಅವನು. "ಒಳಗೆ ಬರದೆ ಗೇಟಲ್ಲಿ ನಿಂತ್ರೆ ಮತ್ತೆ ಕರ್ಕೊಂಡು ಬರ್ತೀನಿ."